ಹೊಂಟವರನ್ನು ಎಲ್ಲಿಗೆ ಅಂತ ಕೇಳಬಾರದು

ನಮ್ಮ ಮನೆಯ ಹಿತ್ತಲ ಬಾಗಿಲಿನ ಹಿಂದೆ ಒಂದು ಮೊಳೆ ಇದೆ. ಆ ಮೊಳೆಗೆ ನನ್ನ ಒಂದು ಜೊತೆ ಹಳೆಯ ರಬ್ಬರ್ ಚಪ್ಪಲಿ ತೂಗುಬಿದ್ದಿವೆ. ಬಲಗಾಲಿನದರ ಬಾರು ಕಿತ್ತು, ಅದಕ್ಕೆ ಪಿನ್ನು ಚುಚ್ಚಿದ್ದೇನೆ. ಹಿಮ್ಮಡಿಯ ಜಾಗದಲ್ಲಿ ಎಷ್ಟು ಸವೆದಿದೆಯೆಂದರೆ ಅದನ್ನು ಹಾಕಿಕೊಂಡು ಕಲ್ಲಿನ ಮೇಲೆ ನಡೆಯುವುದೂ ಒಂದೇ, ಬರಿಗಾಲಿನಲ್ಲಿ ನಡೆಯುವುದೂ ಒಂದೇ. ಮನೆಗೆ ಬಂದವರು ಇದನ್ನು ದೃಷ್ಟಿಗೆಂದು ಕಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಹೊಸ ಮನೆ ಕಟ್ಟಿದವರು ಹಳೆಯ ಚಪ್ಪಲಿ ಕಟ್ಟುವುದುಂಟು. ಆದರೆ ನಮ್ಮ ಮನೆ ದೃಷ್ಟಿ ತಾಗುವಂಥದ್ದಲ್ಲ. ಬಣ್ಣ ಕಂಡು ಯಾವ ಕಾಲವಾಯಿತೋ.

ಪ್ರತಿ ಹಬ್ಬಕ್ಕೆ ಮನೆ ಸಾರಿಸುವಾಗ ನನ್ನ ಯಜಮಾನರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಾರೆ. "ಇವನ್ನ ಒಗದು ಬರ್ಲಿ?" ಎನ್ನುತ್ತಾರೆ. ನಾನು ಅವರನ್ನೊಮ್ಮೆ ನೋಡುತ್ತೇನೆ. ಅವರು ಮತ್ತೆ ಮೊಳೆಗೆ ಹಾಕಿ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ.

ಈ ಚಪ್ಪಲಿಯ ಕಥೆ ಹೇಳಬೇಕೆಂದರೆ ಮೊದಲು ನಮ್ಮ ಕಡೆಯ ಒಂದು ಪದ್ಧತಿಯ ವಿಷಯ ಹೇಳಬೇಕು. ನೀವು ಈ ಕಡೆಯವರಾದರೆ ನಿಮಗೆ ಗೊತ್ತೇ ಇದೆ. ಮನೆಯಿಂದ ಹೊರಟವರನ್ನು "ಎಲ್ಲಿಗೆ ಹೊಂಟ್ರಿ?" ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಹಿಂದಿನಿಂದ ಕೂಗಿ ಕರೆಯುವುದಂತೂ ಇನ್ನೂ ದೊಡ್ಡ ಅಪರಾಧ. ನಾನು ಹುಟ್ಟಿದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ವ್ಯಾಪಾರದ ಮನೆಯಲ್ಲಿ. ಅಪ್ಪ ಮಾರ್ಕೆಟ್ಟಿನ ದಿನ ಬೆಳಿಗ್ಗೆ ಬಿಳಿ ಧೋತರ ಉಟ್ಟು ಹೊರಟರೆ ಸಂಜೆ ಅದು ಕೆಂಪಾಗಿ ಬರುತ್ತಿತ್ತು. ಅವನು ಎಲ್ಲಿಗೆ ಹೋಗುತ್ತಾನೆಂಬುದು ನಮ್ಮ ಓಣಿಯ ನಾಯಿಗೂ ಗೊತ್ತು. ಆದರೂ ಒಂದು ದಿನ ನಾನು, ಆಗ ಇನ್ನೂ ಲಂಗ ಹಾಕುವ ವಯಸ್ಸು, ಹೊಸ್ತಿಲ ಮೇಲೆ ಕುಳಿತು, "ಅಪ್ಪಾ, ಎಲ್ಲಿಗೆ ಹೊಂಟೀ?" ಎಂದುಬಿಟ್ಟೆ. ಅಪ್ಪ ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟ. ಒಳಗೆ ಬಂದ, ಕಾಲು ತೊಳೆದ, ಕುಳಿತ, ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದ, ಆಮೇಲೆ ಹೊಸದಾಗಿ ಹೊರಟ.

ಅವ್ವ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ಇನ್ನೊಮ್ಮೆ ಕೇಳಿದಿ ಅಂದ್ರ ಬಾಯಿಗೆ ಮೆಣಸಿನಕಾಯಿ ಇಡ್ತೇನಿ ನೋಡು!" ಎಂದಳು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ. ಆದ್ದರಿಂದ ನಾನು ಅಷ್ಟೇನೂ ಹೆದರಲಿಲ್ಲ. ಆದರೆ ಆ ದಿನ ಮಾರ್ಕೆಟ್ಟಿನಲ್ಲಿ ರೇಟು ಬಿತ್ತು. ಅದು ನನ್ನ ಬಾಯಿಂದಲೇ ಬಿತ್ತೆಂದು ಮನೆಯಲ್ಲಿ ಬಹಳ ದಿನ ಮಾತಾಯಿತು.

ಕೇಳಬಾರದು, ಸರಿ. ಆದರೆ ತಿಳಿದುಕೊಳ್ಳದೆ ಇರುವುದಕ್ಕಾಗುತ್ತದೆಯೇ? ನಮ್ಮ ಜನ ಅದಕ್ಕೂ ದಾರಿ ಕಂಡುಕೊಂಡಿದ್ದಾರೆ. "ಏನ್ರೀ, ದೂರ ಹೊಂಟಂಗ ಕಾಣತೈತಿ?" ಎನ್ನುತ್ತಾರೆ. "ಚೀಲ ದೊಡ್ಡದೈತೆಲ್ಲ?" ಎನ್ನುತ್ತಾರೆ. "ಹಾವೇರಿ ಬಸ್ಸು ಈಗಷ್ಟ ಹೋತ್ರಿ" ಎಂದು ಗಾಳಿಗೆ ಹೇಳಿ, ಮುಖ ನೋಡುತ್ತಾರೆ. ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದು ಎನ್ನುವುದನ್ನು ನಾವು ಬರೀ ಗಾದೆಯೆಂದು ಇಟ್ಟುಕೊಂಡಿಲ್ಲ, ಮೈಲಾರ ನಮಗೆ ಹತ್ತಿರವೇ ಇದ್ದರೂ ದಿನಾ ಸುತ್ತಿಯೇ ಹೋಗುತ್ತೇವೆ.

ಮದುವೆಯಾಗಿ ರಾಣೆಬೆನ್ನೂರಿಗೆ ಬಂದೆ. ನನ್ನ ಅತ್ತೆ ಗೌರವ್ವ ಈ ಶಾಸ್ತ್ರದಲ್ಲಿ ನಮ್ಮವ್ವನಿಗೆ ಗುರು ಆಗುವಂಥವಳು. ನನ್ನ ಯಜಮಾನರು ಈರಣ್ಣನವರು ಪೇಟೆಯಲ್ಲಿ ಬೀಜದ ಅಂಗಡಿ ಇಟ್ಟಿದ್ದಾರೆ. ಮದುವೆಯಾದ ಹೊಸತರಲ್ಲಿ ಒಂದು ದಿನ ಅವರು ಹಾವೇರಿಗೆ ಹೊರಟವರು ಬುತ್ತಿ ಮರೆತು ಗೇಟು ದಾಟಿದರು. ನಾನು ಹಿಂದಿನಿಂದ, "ರೀ! ಬುತ್ತಿ!" ಎಂದು ಕೂಗಿದೆ. ಅತ್ತೆ ಮಗನನ್ನು ವಾಪಸು ಕರೆಸಿ, ಕೂರಿಸಿ, ನೀರು ಕುಡಿಸಿ, ತಾಂಬೂಲ ತಿನ್ನಿಸಿ ಕಳಿಸುವಷ್ಟರಲ್ಲಿ ಬಸ್ಸು ತಪ್ಪಿತು. "ನೋಡಿದ್ಯಾ? ಕರದಿ, ಕೆಲಸ ಕೆಡ್ತು" ಎಂದಳು ಅತ್ತೆ. ನೀರು ಕುಡಿಸದಿದ್ದರೆ ಬಸ್ಸು ಸಿಗುತ್ತಿತ್ತು ಎನ್ನುವ ಮಾತು ನನ್ನ ನಾಲಿಗೆ ತುದಿಯವರೆಗೆ ಬಂದು ನಿಂತಿತು. ಹೊಸ ಸೊಸೆ, ನುಂಗಿಕೊಂಡೆ. ಅಂದಿನಿಂದ ನಾನು ಈ ಮನೆಯಲ್ಲಿ ಹೊರಟವರನ್ನು ಒಂದು ಮಾತೂ ಕೇಳಿದವಳಲ್ಲ.

ಈಗ ಬೆಂಕಿಯ ವಿಷಯಕ್ಕೆ ಬರುತ್ತೇನೆ. ನಮ್ಮದು ಊರಂಚಿನ ಕೊನೆಯ ಮನೆ. ಮನೆಯ ಹಿಂದೆ ಹಿತ್ತಲು, ಅದರಾಚೆ ನಮ್ಮ ಒಂದು ತುಂಡು ಹೊಲ, ಹೊಲದಾಚೆ ಕುರುಚಲು ಕಾಡು, ನೀಲಗಿರಿ ಮರಗಳು, ಗುಡ್ಡ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಹತ್ತುವುದು ನಮಗೇನೂ ಹೊಸದಲ್ಲ. ಯಾರೋ ಬೀಡಿ ಎಸೆದಿರುತ್ತಾರೆ, ಯಾರೋ ಬದುವಿನ ಕಸ ಸುಟ್ಟಿರುತ್ತಾರೆ. ಸಂಜೆ ಹೊತ್ತು ಗುಡ್ಡದ ಮೇಲೆ ಕೆಂಪು ಗೆರೆ ಎಳೆದಂತೆ ಕಾಣುತ್ತದೆ. ನಾವು ಮಾಳಿಗೆ ಹತ್ತಿ ಚಹಾ ಕುಡಿಯುತ್ತ ನೋಡುತ್ತೇವೆ, "ಈ ಸಲ ಜಾಸ್ತಿ ಐತಿ" ಎನ್ನುತ್ತೇವೆ, ಇಳಿದು ರೊಟ್ಟಿ ಬಡಿಯುತ್ತೇವೆ.

ಹೋದ ವರ್ಷ ಶಿವರಾತ್ರಿ ಮುಗಿದು, ಚಳಿ ಶಿವಶಿವಾ ಎಂದು ಹೋಗಿ, ಬಿಸಿಲು ಕಣ್ಣು ಬಿಟ್ಟಿತ್ತು. ಒಂದು ಮಧ್ಯಾಹ್ನ ನಾನು ಮಾಳಿಗೆಯ ಮೇಲೆ ಶಂಡಿಗೆ ಹಾಕಿ ಒಣಗಿದೆಯೋ ಇಲ್ಲವೋ ನೋಡಲು ಹೋದರೆ ಶಂಡಿಗೆಯ ಮೇಲೆಲ್ಲ ಕಪ್ಪು ಬೂದಿ. ನನಗೆ ಸಿಟ್ಟು ನೆತ್ತಿಗೇರಿತು. ಪಕ್ಕದ ಮನೆಯ ಮಾಬೂಬಿಯ ಕಡೆ ತಿರುಗಿ, "ಏ ಮಾಬೂಬಿ, ಕಸ ಸುಡಾಕ ನಿನಗ ನಾ ಶಂಡಿಗಿ ಹಾಕಿದ ದಿನಾನ ಬೇಕಾಗಿತ್ತೇನು?" ಎಂದು ಕೂಗಿದೆ. ಅವಳು ತನ್ನ ಅಂಗಳದಲ್ಲಿ ಬಾಯಿ ತೆರೆದು ನಿಂತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹಿಂದೆ ನೋಡುತ್ತಿದ್ದಳು.

ತಿರುಗಿದೆ. ಗುಡ್ಡ ಇರಲಿಲ್ಲ. ಗುಡ್ಡದ ಜಾಗದಲ್ಲಿ ಹೊಗೆ ಇತ್ತು. ಗಾಳಿ ನಮ್ಮ ಕಡೆಗೆ ತಿರುಗಿತ್ತು.

ಇಳಿದು ಬಂದು ಗೇಟಿನಲ್ಲಿ ನಿಂತೆ. ಅಷ್ಟರಲ್ಲಿ ಓಣಿಯೊಳಗೆ ಒಂದು ಚಿಗರಿ ಓಡಿಬಂತು. ನಮ್ಮ ಕಾಡಿನ ಕೃಷ್ಣಮೃಗಕ್ಕೆ ನಾವು ಚಿಗರಿ ಎನ್ನುತ್ತೇವೆ. ದೂರದಲ್ಲಿ ಮನುಷ್ಯ ಕೆಮ್ಮಿದರೂ ಹಾರಿ ಮಾಯವಾಗುವ ಪ್ರಾಣಿ ಅದು. ಆ ದಿನ ಅದು ನನ್ನ ಸೆರಗಿಗೆ ಮೈ ತಾಗಿಸಿಕೊಂಡು ಹೋಯಿತು, ನನ್ನತ್ತ ನೋಡಲೂ ಇಲ್ಲ. ಅದರ ಹಿಂದೆಯೇ ಅರಣ್ಯದ ಗಾರ್ಡು ಬೈಕಿನ ಮೇಲೆ ಸೀಟಿ ಊದುತ್ತ ಬಂದ. "ಮನಿ ಖಾಲಿ ಮಾಡ್ರಿ! ಲಗೂ ಲಗೂ! ಏನೂ ತಗೋಬ್ಯಾಡ್ರಿ, ಜೀವ ತಗೊಂಡು ನಡೀರಿ!"

ಏನೂ ತಗೋಬೇಡಿ ಎಂದರೆ ಯಾರು ಕೇಳುತ್ತಾರೆ? ಹೀಗೊಂದು ದಿನ ಬಂದರೆ ಮೊದಲು ಬಂಗಾರ, ಆಮೇಲೆ ಹೊಲದ ಕಾಗದ ಎಂದು ನಾನು ಎಷ್ಟೋ ಸಲ ಯೋಚನೆ ಮಾಡಿದ್ದೆ. ಖರೇ ಹೇಳುತ್ತೇನೆ, ಆ ಹೊತ್ತಿಗೆ ಕೈ ಬುದ್ಧಿಯ ಮಾತು ಕೇಳುವುದಿಲ್ಲ. ನನ್ನ ಕೈ ಹೋಗಿ ರೊಟ್ಟಿ ಹಂಚು ಹಿಡಿಯಿತು. ಆಮೇಲೆ ಉಪ್ಪಿನಕಾಯಿ ಭರಣಿ. ಆಮೇಲೆ, ದೇವರೇ ಬಲ್ಲ ಯಾಕೆಂದು, ಹೊಸ ಕಸಬರಿಗೆ. ಅಂಗಡಿಯಿಂದ ವ್ಯಾನು ಓಡಿಸಿಕೊಂಡು ಬಂದ ಯಜಮಾನರು ಒಳಗೆ ನುಗ್ಗಿ, ಬೆವರು ಸುರಿಸುತ್ತ ಹೊರಗೆ ಬಂದಾಗ ಅವರ ಕೈಯಲ್ಲಿ ಟಿವಿಯ ರಿಮೋಟ್ ಇತ್ತು. ಟಿವಿ ಗೋಡೆಯ ಮೇಲೇ ಇತ್ತು.

"ಅದನ್ನ ತಗೊಂಡು ಏನ್ ಮಾಡಾವ್ರು?" ಎಂದೆ.

"ನೀ ಕಸಬರಿಗಿ ತಗೊಂಡು ಏನ್ ಮಾಡಾಕಿ?" ಎಂದರು.

ಅತ್ತೆ ಮಾತ್ರ ಗಡಿಬಿಡಿ ಮಾಡಲಿಲ್ಲ. ದೇವರ ಕೋಣೆಯ ಜಗಲಿಯ ಮೇಲಿನ ದೇವರನ್ನು ಉಡಿಗೆ ಹಾಕಿಕೊಂಡಳು. ಮೊಸರಿನ ಗಡಿಗೆಯಿಂದ ಒಂದು ಡಬ್ಬಿಗೆ ಹೆಪ್ಪು ತೆಗೆದುಕೊಂಡಳು. "ಎಲ್ಲೇ ಇದ್ರೂ ನಾಳೆ ಮೊಸರು ಬೇಕಲ್ಲ" ಎಂದಳು. ಹೊದೆಯುವ ತನ್ನ ಕೌದಿಯನ್ನು ಸುತ್ತಿ, ಅದರ ಮೇಲೆ ತನ್ನ ಹಳೆಯ ಸೀರೆಯ ತುಂಡನ್ನು ಬಿಗಿದು, ಮೊಣಕಾಲು ನೋವಿನಲ್ಲಿ ಕುಂಟುತ್ತ ಹೋಗಿ ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತಳು. ಹಿಂದಿನ ಸೀಟು ಬಿತ್ತನೆ ಬೀಜದ ಚೀಲಗಳಿಂದ ತುಂಬಿತ್ತು.

ಆಗ ನನಗೆ ಗ್ಯಾಸಿನ ನೆನಪಾಯಿತು. ಸಿಲಿಂಡರು ಹಿತ್ತಲ ಕಡೆ ಹೊರಗಿದೆ. ನಮ್ಮ ಎಮ್ಮೆಯೂ ಅಲ್ಲೇ ದಕ್ಕೆಯಲ್ಲಿ, ಅಂದರೆ ಕೊಟ್ಟಿಗೆಯಲ್ಲಿ, ಇದೆ. ನಾನು ಯಾರಿಗೂ ಏನೂ ಹೇಳದೆ ಒಳಗಿಂದಲೇ ಹಿತ್ತಲಿಗೆ ಓಡಿದೆ. ಗ್ಯಾಸು ಬಂದ್ ಮಾಡಿದೆ, ಬಾಗಿಲು ಎಳೆದುಕೊಂಡೆ, ಎಮ್ಮೆಯ ಕಣ್ಣಿ ಬಿಚ್ಚಿದೆ. ಹೊಗೆ ಕಂಡು ಬೆದರಿದ್ದ ಎಮ್ಮೆ ನನ್ನನ್ನು ಎಳೆದುಕೊಂಡೇ ಓಡಿತು. ಬಾಗಿಲ ಮುಂದೆಯೇ ಕಾಲಿನ ಚಪ್ಪಲಿ ಕಳಚಿದವು. ಮನೆಯ ಆಚೆ ಬದಿಯ ಸಂದಿಯಿಂದ ರಸ್ತೆಗೆ ಬಂದು ಬಿದ್ದೆ. ಎಮ್ಮೆ ಹಗ್ಗ ಕಿತ್ತುಕೊಂಡು ಪೇಟೆಯ ದಾರಿ ಹಿಡಿಯಿತು. ಮಾಬೂಬಿಯ ಗಂಡ ಹುಸೇನಸಾಬನ ಮೂರು ಗಾಲಿಯ ಟಂಟಂ ಗಾಡಿ ಆಗಲೇ ಹೊರಟಿತ್ತು. ಮಾಬೂಬಿ ನನ್ನ ರೆಟ್ಟೆ ಹಿಡಿದು ಮೇಲೆ ಎಳೆದುಕೊಂಡಳು. "ಎಮ್ಮಿ ಹೋಗ್ಲಿ ಅಕ್ಕಾ, ನೀ ಹತ್ತು!"

ನಾನು ಹತ್ತಿದ್ದನ್ನು ಕಂಡ ಯಜಮಾನರು ವ್ಯಾನು ಬಿಟ್ಟರು, ಅದು ನಮ್ಮ ಮುಂದೆಯೇ ಹೋಗುತ್ತಿತ್ತು. ಧೂಳಿನ ನಡುವೆ, ಹಿಂದಿನ ಗಾಜಿನಲ್ಲಿ, ಮುಂದಿನ ಸೀಟಿನ ಮೇಲೆ ಸೆರಗು ಹೊದ್ದ ತಲೆ ಕಾಣುತ್ತಿತ್ತು. ಅತ್ತೆ ಕುಳಿತಿದ್ದಾಳೆ ಎಂದು ಸಮಾಧಾನವಾಯಿತು. ದಾರಿಯುದ್ದಕ್ಕೂ ನಾನು ಆ ತಲೆಯನ್ನೇ ನೋಡುತ್ತ ಹೋದೆ.

ನಮ್ಮನ್ನೆಲ್ಲ ಇಳಿಸಿದ್ದು ಮೇಡ್ಲೇರಿ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ. ಅಲ್ಲಿ ಹಿಂದಿನ ದಿನದ ಮದುವೆಯ ಹಂದರ ಇನ್ನೂ ಬಿಚ್ಚಿರಲಿಲ್ಲ. ಬೆಂಕಿಗೆ ಮನೆ ಬಿಟ್ಟು ಬಂದವರೆಲ್ಲ 'ಸುಸ್ವಾಗತ' ಎಂದು ಹೂವಿನಲ್ಲಿ ಬರೆದ ಕಮಾನಿನ ಕೆಳಗೆ ಹಾದು ಅಂಗಳಕ್ಕೆ ಬಂದೆವು. ನಾನು ಟಂಟಂನಿಂದ ಇಳಿದು ವ್ಯಾನಿನ ಹತ್ತಿರ ಹೋಗಿ, "ಅತ್ತೀ, ಇಳೀರಿ, ಕೈ ಹಿಡೀತೇನಿ" ಎಂದು ಮುಂದಿನ ಬಾಗಿಲು ತೆರೆದೆ.

ಸೀಟಿನ ಮೇಲೆ ಸುತ್ತಿದ ಕೌದಿ ನಿಂತಿತ್ತು. ಅದರ ಮೇಲೆ ಅವಳ ಸೀರೆಯ ತುಂಡು.

"ರೀ, ಅತ್ತಿ ಎಲ್ಲಿ?" ಎಂದೆ.

"ನಿಮ್ಮ ಜೋಡಿ ಟಂಟಂನ್ಯಾಗ ಬಂದಾಳಲ್ಲ?"

"ನಮ್ಮ ಜೋಡಿ ಎಲ್ಲಿ ಬಂದಾರ? ನಿಮ್ಮ ಮಗ್ಗಲಾಗ ಕುಂತಿದ್ರು!"

ಅವರು ವ್ಯಾನು ಇಳಿದು ಬಂದರು. "ಕುಂತಿದ್ಲು. ನಾ ಮನಿ ಮುಂದಿನ ಬಾಗಿಲಿಗೆ ಕೀಲಿ ಹಾಕಿ ಬರೂದ್ರಾಗ ಇಳದು ಹೊಂಟಿದ್ಲು. ವ್ಯಾನಿನ್ಯಾಗ ವಾಂತಿ ಬರತೈತಿ ಅಂತಿರ್ತಾಳಲ್ಲ, ಮಾಬೂಬಿ ಜೋಡಿ ಕುಂದ್ರಾಕ ಹೊಂಟಾಳ ಅಂತ ತಿಳದ್ನಿ."

"ಕೇಳೂದಲ್ಲೇನ್ರೀ, ಎಲ್ಲಿಗೆ ಹೊಂಟಿ ಬೇ ಅಂತ?"

"ಹೊಂಟಾಕಿನ್ನ ಹೆಂಗ ಕೇಳ್ಲಿ?" ಎಂದರು.

ಗುಡ್ಡವೇ ಉರಿಯುತ್ತಿದೆ, ಹೆತ್ತ ತಾಯಿ ಕಣ್ಣೆದುರಿಗೆ ಇಳಿದು ಹೋಗುತ್ತಿದ್ದಾಳೆ, ಐವತ್ತು ದಾಟಿದ ಗಂಡಸು ಕೆಲಸ ಕೆಡುತ್ತದೆಂದು ಬಾಯಿ ಮುಚ್ಚಿಕೊಂಡು ನಿಂತಿದ್ದಾನೆ. ಕೆಡುವುದಕ್ಕೆ ಇನ್ನು ಯಾವ ಕೆಲಸ ಉಳಿದಿತ್ತು, ನೀವೇ ಹೇಳಿ! ನನಗೆ ಅವರ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕೆನಿಸಿತು. ಆದರೆ ಅದೇ ಜಾಗದಲ್ಲಿ ನಾನಿದ್ದರೂ ಕೇಳುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅಳುತ್ತ ರಸ್ತೆಯ ಕಡೆ ಓಡಿದೆ.

ಹುಸೇನಸಾಬ ಟಂಟಂ ತಿರುಗಿಸಿದ. "ಹತ್ರಿ ಅಣ್ಣಾರ, ಹತ್ರಿ ಅಕ್ಕಾರ. ಅಳೂದು ಆಮ್ಯಾಲೆ" ಎಂದ.

ವಾಪಸು ಹೋದ ದಾರಿ ನನಗೆ ಸರಿಯಾಗಿ ನೆನಪಿಲ್ಲ. ಎದುರಿಗೆ ಬರುವವರೆಲ್ಲ ಕೈಬೀಸಿ, ಹೋಗಬೇಡಿ ಎನ್ನುತ್ತಿದ್ದರು. ನನ್ನ ತಲೆಯಲ್ಲಿ ಮಾತ್ರ ಬೇಡದ ನೆನಪುಗಳು ಬರುತ್ತಿದ್ದವು. ಆ ಬೆಳಿಗ್ಗೆಯೇ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅತ್ತೆ ಅಂದಿದ್ದಳು. ನಾನು, "ನಿಮ್ಮ ನಾಲಿಗಿ ಕೆಟ್ಟೈತಿ ಬಿಡ್ರಿ" ಎಂದಿದ್ದೆ. ಸಾರಿಗೆ ಉಪ್ಪು ಹೆಚ್ಚೇ ಆಗಿತ್ತು. ಇಷ್ಟು ವರ್ಷದಲ್ಲಿ ಆಡಿದ ಎಷ್ಟೋ ಮಾತಿರುವಾಗ ಆ ಉಪ್ಪಿನ ಮಾತೇ ಯಾಕೆ ಎದೆಗೆ ಬಂದು ಕುಳಿತಿತೋ.

ಓಣಿಯ ಬಾಯಲ್ಲಿ ಗಾರ್ಡು ಅಡ್ಡ ನಿಂತ. "ಬಿಡಂಗಿಲ್ರೀ, ಬಣವಿಗೆ ಹತ್ತೈತಿ!" ಎಂದ. ಯಜಮಾನರು, ಅಂಗಡಿಯಲ್ಲಿ ಗಿರಾಕಿಗಳ ಎದುರು ದನಿ ಎತ್ತದ ಮನುಷ್ಯ, "ನಮ್ಮವ್ವ ಒಳಗದಾಳೋ!" ಎಂದು ಅರಚಿದರು. ಗಾರ್ಡು ತನ್ನ ಕೊರಳಿನ ಒದ್ದೆ ಟವೆಲ್ಲು ಬಿಚ್ಚಿ ಅವರ ಕೈಗೆ ಕೊಟ್ಟು, ತಾನೂ ನಮ್ಮ ಹಿಂದೆ ಓಡಿಬಂದ.

ಮುಂದಿನ ಬಾಗಿಲಿಗೆ ನಾವೇ ಹಾಕಿದ ಕೀಲಿ ಇತ್ತು. ಸಂದಿಯಿಂದ ಹಿತ್ತಲಿಗೆ ಓಡಿದೆವು. ಜೋಳದ ಕಣಿಕೆಯ ಬಣವೆ ಧಗಧಗ ಉರಿಯುತ್ತಿತ್ತು. ಎಮ್ಮೆಯ ದಕ್ಕೆಯ ಚಪ್ಪರಕ್ಕೂ ಹತ್ತಿತ್ತು. ಅಲ್ಲಿಟ್ಟಿದ್ದ ತವರಿನ ಮೆಣಸಿನಕಾಯಿ ಚೀಲ ಸುಡುತ್ತಿತ್ತು. ಖಾರ ಕಡಿಮೆ ಎಂದೆನಲ್ಲ, ಒಂದು ಚೀಲ ಒಮ್ಮೆಲೇ ಸುಟ್ಟರೆ ಹಾಗೆನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ಕಣ್ಣು ಬಿಡಲಾಗಲಿಲ್ಲ. ನಾನು ಎಳೆದು ಹೋಗಿದ್ದ ಹಿತ್ತಲ ಬಾಗಿಲು ತೆರೆದು ಬಿದ್ದಿತ್ತು. ಒಳಗಿಂದ ಕೆಮ್ಮು ಕೇಳಿಸಿತು. ಕೆಮ್ಮಿನ ನಡುವೆ ಒಂದು ದನಿ.

"ಶಶೀ... ಏ ಶಶಿಕಲಾ... ಎಲ್ಲಿದ್ದೀಯೇ ನಮ್ಮವ್ವಾ..."

ಅದು ನನ್ನ ಹೆಸರು.

ನನ್ನ ಕೋಣೆಯಲ್ಲಿ, ಮಂಚದ ಪಕ್ಕ, ಮೊಣಕಾಲು ಮಡಚಲು ಬಾರದ ನನ್ನ ಅತ್ತೆ ನೆಲದ ಮೇಲೆ ಕುಳಿತು ಮಂಚದ ಕೆಳಗೆ ಕೈ ಆಡಿಸಿ ಹುಡುಕುತ್ತಿದ್ದಳು. ಇನ್ನೊಂದು ಕೈಯಲ್ಲಿ ನನ್ನ ರಬ್ಬರ್ ಚಪ್ಪಲಿಗಳನ್ನು ಎದೆಗೆ ಅವಚಿ ಹಿಡಿದಿದ್ದಳು. ನಾನು ಬಾಗಿಲಲ್ಲಿ ನಿಂತೆ. ಅವಳು ತಿರುಗಿದಳು. ಹೊಗೆಗೆ ಕೆಂಪಾದ ಕಣ್ಣಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಾಲು ನೋಡಿ, ಚಪ್ಪಲಿಗಳನ್ನು ನನ್ನ ಮುಂದೆ ಎಸೆದಳು.

"ಮೊದಲ ಮೆಟ್ಟು. ಹಿತ್ತಲದಾಗ ಕೆಂಡ ಬಿದ್ದಾವು."

ಯಜಮಾನರು ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ನಾವು ಹೊರಗೆ ಬರುವಾಗ ಚಪ್ಪರ ಹಿಂದೆ ಕುಸಿಯಿತು. ಅಷ್ಟೊತ್ತಿಗೆ ಅಗ್ನಿಶಾಮಕದ ಗಾಡಿ ಓಣಿಯೊಳಗೆ ಬಂತು. ನೇಗಿಲು ಹೊಡೆದಿದ್ದ ನಮ್ಮ ಹೊಲದಲ್ಲಿ ಉರಿ ಹಬ್ಬಲಿಲ್ಲ. ಗಾಳಿಯಲ್ಲಿ ಹಾರಿಬಂದ ಕಿಡಿಗಳೇ ಇಷ್ಟು ಮಾಡಿದ್ದವು. ಮನೆ ಉಳಿಯಿತು. ಎಮ್ಮೆ ಮರುದಿನ ತರಕಾರಿ ಮಾರ್ಕೆಟ್ಟಿನಲ್ಲಿ, ಯಾರದೋ ಮೆಂತ್ಯದ ಸೊಪ್ಪು ಮೇಯುತ್ತ ಸಿಕ್ಕಿತು.

ಟಂಟಂನಲ್ಲಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಅತ್ತುಬಿಟ್ಟೆ. ಬೈದೆ ಕೂಡ. "ಯಾಕ ಇಳದು ಹೋದ್ರಿ ಅತ್ತೀ? ನಮ್ಮನ್ನ ಕೊಲ್ಲಬೇಕಂತ ಮಾಡಿದ್ರೇನು?"

"ನೀ ಒಳಗ ಓಡಿದ್ದು ಕಂಡ್ನಿ. ಎಷ್ಟೊತ್ತಾದ್ರೂ ಬರಲಿಲ್ಲ. ಇವ ನೋಡಿದ್ರ ಬಾಗಿಲಿಗೆ ಕೀಲಿ ಹಾಕಾಕತ್ತಿದ್ದ. ಮಾಬೂಬಿ ಮನಿ ಕಡೆ ಸಂದ್ಯಾಗಿಂದ ಹಿತ್ತಲಕ್ಕ ಹೋಗಿ ನೋಡಿದ್ರ ನಿನ್ನ ಚಪ್ಪಲಿ ಬಿದ್ದಿದ್ವು. ಕಾಲಾಗಿನ ಚಪ್ಪಲಿ ಬಿಟ್ಟು ಯಾರರೆ ಊರು ಬಿಟ್ಟು ಹೊಕ್ಕಾರೇನು? ಒಳಗ ಹೊಗಿ ಕುಡದು ಬಿದ್ದೀ ಅಂತ ತಿಳದ್ನಿ." ಸ್ವಲ್ಪ ಹೊತ್ತು ಕೆಮ್ಮಿದಳು. "ನೀ ಓಡುವಾಗ, ಎಲ್ಲಿಗೇ ಅಂತ ಕೇಳೂದು ಬಾಯಿಗೆ ಬಂದಿತ್ತು. ಹೊಂಟಾಕಿನ್ನ ಕೇಳಬಾರದಂತ ನುಂಗಿದ್ನಿ."

ಯಜಮಾನರು ರಸ್ತೆಯ ಕಡೆ ನೋಡುತ್ತಿದ್ದರು. "ನಾನೂ ನುಂಗಿದ್ನಿ ಬೇ" ಎಂದರು.

ಆಮೇಲೆ ಈ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಪದ್ಧತಿಯನ್ನೂ ಬಿಡಲಿಲ್ಲ. ಬದಲಿಗೆ ಹೊರಡುವವರು ತಾವೇ ಹೇಳುವುದನ್ನು ರೂಢಿ ಮಾಡಿಕೊಂಡೆವು. ಯಜಮಾನರು ಹೊಸ್ತಿಲಲ್ಲಿ ನಿಂತು, ಯಾರೂ ಕೇಳದಿದ್ದರೂ, "ಅಂಗಡಿಗೆ ಹೊಂಟೇನಿ! ಸಂಜಿಕ್ಕ ಬರ್ತೇನಿ!" ಎಂದು ಸಾರುತ್ತಾರೆ. ನಾನು ಹಿತ್ತಲಿಗೆ ಬಟ್ಟೆ ಒಣಹಾಕಲು ಹೋದರೂ ಕೂಗಿ ಹೇಳುತ್ತೇನೆ. ಮಾಬೂಬಿ ತನ್ನ ಅಂಗಳದಿಂದಲೇ, "ಗೊತ್ತಾತು ಹೋಗಕ್ಕಾ!" ಎನ್ನುತ್ತಾಳೆ.

ಹೇಳದೆ ಹೋಗುವವಳು ಮನೆಯಲ್ಲಿ ಒಬ್ಬಳೇ. ಕಳೆದ ವಾರ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಅತ್ತೆ ಕೋಲು ಊರಿಕೊಂಡು ಗೇಟಿನ ಕಡೆ ಹೊರಟಿದ್ದಾಳೆ. ಕೈಯಲ್ಲಿದ್ದ ಹಿಟ್ಟು ಹಾಗೇ ಇತ್ತು. ಓಡಿಬಂದು ಪಡಸಾಲೆಯಲ್ಲಿ ನಿಂತೆ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಒಮ್ಮೆಯೂ ಆಡದ ಮಾತು, ಅದೂ ಹಿಂದಿನಿಂದ, ಓಣಿಗೆಲ್ಲ ಕೇಳುವಂತೆ ಬಾಯಿಂದ ಬಂದುಬಿಟ್ಟಿತು.

"ಅತ್ತೀ! ಎಲ್ಲಿಗೆ ಹೊಂಟ್ರಿ?"

ಅವಳು ನಿಂತಳು. ತಿರುಗಿ ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. ಬೈಗುಳಕ್ಕೆ ನಾನು ಸಿದ್ಧಳಾಗಿ ನಿಂತೆ. ಅವಳು ಮೆಲ್ಲಗೆ ವಾಪಸು ಬಂದಳು, ಕಟ್ಟೆಯ ಮೇಲೆ ಕುಳಿತಳು, ನೀರು ತಾ ಎಂದು ಕೈ ಮಾಡಿದಳು. ಬೆಲ್ಲ, ನೀರು ತಂದು ಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು, ಮತ್ತೆ ಕೋಲು ಹಿಡಿದು ಎದ್ದಳು.

"ಇಲ್ಲೇ, ಮಾಬೂಬಿ ಮನಿಗೆ. ಬರ್ತಿದ್ರ ನೀನೂ ಬಾ" ಎಂದಳು. ಎರಡು ಹೆಜ್ಜೆ ಹೋದವಳು ನನ್ನ ಕಡೆ ತಿರುಗದೆಯೇ ಅಂದಳು:

"ಚಪ್ಪಲಿ ಮೆಟ್ಕೊಂಡು ಬಾ."